ಆಟ ಯಾರದು?

2001ರ ಸೆಪ್ಟೆಂಬರ್ 18ರಂದು ದೆಹಲಿಯಲ್ಲಿ ಒಂದು ಆಟವಾಯಿತು. ಪ್ರಸಂಗ ‘ಅಭಿಮನ್ಯು ವಧೆ’. ಅದನ್ನು ‘ಯಕ್ಷರಂಗ’ವೆಂಬ ಹೊಸ ಬಗೆಯಲ್ಲಿ ರೂಪಿಸಿದ್ದ ಶಿವರಾಮ ಕಾರಂತರು ತೀರಿಕೊಂಡು ನಾಲ್ಕು ವರ್ಷವಾಗುತ್ತ ಬಂದಿತ್ತು. ಆಡಿಸಿದ್ದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್. ಆಟ ಮುಗಿದ ಮೇಲೆ ಹುಟ್ಟಿದ ವ್ಯಾಜ್ಯ ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ಶುರುವಾಯಿತು, ಕರ್ನಾಟಕ ಹೈಕೋರ್ಟನ್ನು ದಾಟಿತು, 2009ರಲ್ಲಿ ಮತ್ತೆ ದೆಹಲಿಗೇ ಬಂದು ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು.

ಅದೇ ವರ್ಷಗಳಲ್ಲಿ ಅದೇ ದೆಹಲಿಯ ನೆಹರೂ ಪ್ಲೇಸ್‌ನಲ್ಲಿ ಇನ್ನೊಂದು ಬಗೆಯ ಆಟಗಳ ವ್ಯಾಪಾರ ಜೋರಾಗಿತ್ತು. ಕಂಪ್ಯೂಟರ್ ಅಂಗಡಿಗಳ ಮುಂದಿನ ಕಟ್ಟೆಯ ಮೇಲೆ ನಕಲಿ ಸೀಡಿಗಳ ಸಾಲು. ಪೆಟ್ಟಿಗೆಯಿಲ್ಲ, ಕೈಪಿಡಿಯಿಲ್ಲ, ಪ್ಲಾಸ್ಟಿಕ್ ಲಕೋಟೆಯೊಳಗೆ ತಟ್ಟೆ, ಅದರ ಮೇಲೆ ಮಾರ್ಕರ್‌ನಲ್ಲಿ ಬರೆದ ಹೆಸರು. ಅಮೆರಿಕದ ವಾಣಿಜ್ಯ ಪ್ರತಿನಿಧಿಯ ಕಚೇರಿ ಪ್ರಕಟಿಸುವ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲಿ ನೆಹರೂ ಪ್ಲೇಸ್‌ಗೆ ಖಾಯಂ ಎನ್ನುವಂಥ ಜಾಗ ದಕ್ಕಿತ್ತು.

ಕರಾವಳಿಯ ಕನ್ನಡದಲ್ಲಿ ‘ಇವತ್ತು ಎಲ್ಲಿ ಆಟ?’ ಎಂದು ಕೇಳಿದರೆ ಅದು ಯಕ್ಷಗಾನದ ಮಾತು. ಮಿಕ್ಕೆಡೆ ಆಟವೆಂದರೆ ಮಕ್ಕಳದ್ದು, ಈಗೀಗ ಕಂಪ್ಯೂಟರಿನದ್ದು. ಆದರೆ ಕಂಪ್ಯೂಟರ್ ಆಟಗಳಲ್ಲೂ ವೇಷ ಕಟ್ಟುವ ಒಂದು ಪಂಗಡವಿದೆ. ಆಡುವವರು ಯೋಧರೋ ಮಾಂತ್ರಿಕರೋ ಕಳ್ಳರೋ ಆಗಿ ಕಥೆಯೊಳಗೆ ಹೊಕ್ಕು ಅದನ್ನು ಮುಂದಕ್ಕೆ ಒಯ್ಯುವ ರೋಲ್ ಪ್ಲೇಯಿಂಗ್ ಗೇಮ್‌ಗಳು ಇವು. ಎರಡೂ ಬಗೆಯ ಆಟಗಳಿಗೆ ಬಂದೊದಗಿದ ಕಷ್ಟವೂ ಒಂದೇ. ಹಳೆಯ ಆಟವನ್ನು ಮತ್ತೆ ಆಡಿಸಬೇಕಾದರೆ ಯಾರ ಅಪ್ಪಣೆ ಬೇಕು?

ಕಂಪ್ಯೂಟರಿನ ವೇಷದಾಟಗಳಿಗೆ ಈ ಪ್ರಶ್ನೆ ಹೆಚ್ಚು ತೊಡಕಾಗಲು ಕಾರಣವಿದೆ. ಅವುಗಳಲ್ಲಿ ಅನೇಕವು ಬೇರೆಯವರ ಕಥಾಲೋಕವನ್ನು ಬಾಡಿಗೆಗೆ ಪಡೆದವು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಕಾಗದ, ಪೆನ್ಸಿಲು, ದಾಳಗಳಿಂದ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದರು. ಅದರ ನಿಯಮ, ಊರು, ರಾಕ್ಷಸರನ್ನೆಲ್ಲ ಎರವಲು ಪಡೆದು 1998ರಲ್ಲಿ ಬಂದ ಆಟ ‘ಬಾಲ್ಡರ್ಸ್ ಗೇಟ್’. ಆಟ ಕಟ್ಟಿದ್ದು ಕೆನಡಾದ ಬಯೋವೇರ್, ಪ್ರಕಟಿಸಿದ್ದು ಅಮೆರಿಕದ ಇಂಟರ್‌ಪ್ಲೇ. ಲೋಕದ ಒಡೆತನ ಟಿಎಸ್‌ಆರ್ ಕಂಪನಿಯದಾಗಿತ್ತು. 1997ರಲ್ಲಿ ಅದನ್ನು ವಿಜರ್ಡ್ಸ್ ಆಫ್ ದ ಕೋಸ್ಟ್ ಕೊಂಡಿತು, 1999ರಲ್ಲಿ ಇವರನ್ನು ಹ್ಯಾಸ್‌ಬ್ರೋ ಕೊಂಡಿತು. ಡಿಜಿಟಲ್ ಆಟಗಳ ಪರವಾನಗಿ ಅಟಾರಿಯ ಕೈಗೆ ಹೋಯಿತು. ಬಯೋವೇರ್ ಕೊನೆಗೆ ಎಲೆಕ್ಟ್ರಾನಿಕ್ ಆರ್ಟ್ಸ್‌ನ ಪಾಲಾಯಿತು. ಹೀಗೆ ಒಂದು ತಟ್ಟೆಯೊಳಗಿನ ಆಟಕ್ಕೆ ಕಥಾಲೋಕದ ಒಡೆಯರು, ಆಟ ಬರೆದವರು, ಮಾರುವ ಹಕ್ಕುಳ್ಳವರು ಬೇರೆ ಬೇರೆಯಾದರು.

ಈ ಆಟವನ್ನು ಹೊಸ ಯಂತ್ರಗಳಿಗೆ ಒಗ್ಗಿಸಿ ಬೀಮ್‌ಡಾಗ್ ಎಂಬ ಕಂಪನಿ 2012ರ ನವೆಂಬರಿನಲ್ಲಿ ಮರುಬಿಡುಗಡೆ ಮಾಡಿತು. ಮುಂದಿನ ಜನವರಿಯಲ್ಲಿ ಅಟಾರಿಯ ಅಮೆರಿಕದ ಶಾಖೆಗಳು ದಿವಾಳಿ ಅರ್ಜಿ ಹಾಕಿದವು. ಜೂನ್‌ನಲ್ಲಿ ಒಪ್ಪಂದದ ತಕರಾರಿನಿಂದ ಆಟದ ಮಾರಾಟವೇ ನಿಂತಿತು. ಮತ್ತೆ ಶುರುವಾದದ್ದು ಆಗಸ್ಟ್‌ನಲ್ಲಿ. ಆ ಎರಡು ತಿಂಗಳು ಆಟ ಕೆಟ್ಟಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ, ಕೊಳ್ಳುವವರಿಗೂ ಬರವಿರಲಿಲ್ಲ. ಕೈಕೊಟ್ಟದ್ದು ಕಾಗದ.

‘ಸಿಸ್ಟಮ್ ಶಾಕ್ 2’ರ ಕಥೆ ಇನ್ನೂ ವಿಚಿತ್ರ. 1999ರ ಈ ಆಟವನ್ನು ಕಟ್ಟಿದ ಲುಕಿಂಗ್ ಗ್ಲಾಸ್ ಸ್ಟುಡಿಯೋ ಮರುವರ್ಷವೇ ಬಾಗಿಲು ಹಾಕಿತು. ಅದರ ಹಕ್ಕುಗಳು ಆಟದ ಗಂಧಗಾಳಿಯಿಲ್ಲದ ಒಂದು ವಿಮಾ ಕಂಪನಿಯ ಕಡತ ಸೇರಿದವು. ತನ್ನ ಹಳೆಯ ಪ್ರತಿ ಹೊಸ ಕಂಪ್ಯೂಟರಿನಲ್ಲಿ ಓಡದೆ ಬೇಸತ್ತ ಸ್ಟೀಫನ್ ಕಿಕ್ ಎಂಬಾತ ಹಕ್ಕಿನ ಜಾಡು ಹಿಡಿದು ಆ ಕಂಪನಿಗೇ ಬರೆದ, ಪರವಾನಗಿ ಪಡೆದ. 2013ರ ಫೆಬ್ರುವರಿಯಲ್ಲಿ ಆಟ ಮರಳಿತು. ಒಡೆಯರನ್ನು ಹುಡುಕುವುದೇ ಕಸುಬಾಗಿ ಆತನ ನೈಟ್‌ಡೈವ್ ಸ್ಟುಡಿಯೋ ಬೆಳೆಯಿತು.

ಹುಡುಕಾಟ ಪ್ರತಿಸಲವೂ ಹೀಗೆ ಕೈಗೂಡುವುದಿಲ್ಲ. 1981ರ ‘ವಿಜರ್ಡ್ರಿ’ ಈ ಬಗೆಯ ಆಟಗಳ ಹಿರಿಯಕ್ಕ. 2020ರಲ್ಲಿ ಜಪಾನಿನ ಡ್ರೆಕಾಮ್ ಕೊಂಡದ್ದು ಸರಣಿಯ ಹೆಸರನ್ನು ಮತ್ತು 6, 7, 8ನೇ ಆಟಗಳನ್ನು. ಮೊದಲ ಐದು ಆ ಗಂಟಿನಲ್ಲಿ ಇರಲಿಲ್ಲ. 2002ರ ‘ಐಸ್‌ವಿಂಡ್ ಡೇಲ್ 2’ಕ್ಕೆ ಬಂದ ತೊಡಕು ಬೇರೆ: ಮರುಬಿಡುಗಡೆಗೆ ಬೀಮ್‌ಡಾಗ್ ಸಿದ್ಧವಿದ್ದರೂ ಆಟದ ಸೋರ್ಸ್ ಕೋಡ್ ಎಲ್ಲಿಯೂ ಸಿಗಲಿಲ್ಲ. ಕಂಪನಿಗಳು ಕೈ ಬದಲಾಯಿಸುವಾಗ ಹಕ್ಕುಪತ್ರವನ್ನು ಜೋಪಾನವಾಗಿ ದಾಟಿಸುತ್ತಾರೆ, ಕೃತಿಯನ್ನೇ ಮರೆಯುತ್ತಾರೆ. 2023ರಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ನಡೆಸಿದ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ.

ಈಗ ಕಾರಂತರ ಆಟಕ್ಕೆ ಮರಳಬಹುದು. ರಾತ್ರಿಯಿಡೀ ನಡೆಯುವ ಬಯಲಾಟವನ್ನು ಅವರು ಕೆಲವೇ ಗಂಟೆಗಳಿಗೆ ಇಳಿಸಿದರು, ಮಾತು ಬಿಟ್ಟು ಹಾಡು ಮತ್ತು ಕುಣಿತಕ್ಕೆ ಒತ್ತು ಕೊಟ್ಟರು, ಪಿಟೀಲು ಸ್ಯಾಕ್ಸೋಫೋನ್ ಸೇರಿಸಿದರು. 1994ರ ಜೂನ್ 18ರಂದು ಬರೆದ ಉಯಿಲಿನಲ್ಲಿ ತಮ್ಮ ಸಾಹಿತ್ಯ ಕೃತಿಗಳ ಹಕ್ಕುಸ್ವಾಮ್ಯವನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟರು. 1997ರ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡರು. ತಮ್ಮ ಅನುಮತಿಯಿಲ್ಲದೆ ದೆಹಲಿಯಲ್ಲಿ ಆಟ ನಡೆಯಿತೆಂದು ಮಾಲಿನಿ ಮಲ್ಯ ದಾವೆ ಹೂಡಿದರು. ‘ಭೀಷ್ಮ ವಿಜಯ’, ‘ನಳ ದಮಯಂತಿ’, ‘ಪಂಚವಟಿ’ ಮುಂತಾದ ಏಳು ಪ್ರಸಂಗಗಳ ಹಕ್ಕು ಪ್ರಶ್ನೆಗೆ ಬಂತು. ಯಕ್ಷರಂಗ ಕಾರಂತರೊಬ್ಬರ ಆಸ್ತಿಯಲ್ಲ, ಸಂಸ್ಥೆಯ ಆಶ್ರಯದಲ್ಲಿ, ಅದರ ಖರ್ಚಿನಲ್ಲಿ ಬೆಳೆದದ್ದು ಎಂಬುದು ಅಕಾಡೆಮಿಯ ವಾದದ ತಿರುಳು.

ನ್ಯಾಯಾಲಯದ ಮುಂದೆ ನಿಂತ ಪ್ರಶ್ನೆ ಬಹುಪಾಲು ಒಂದು ಪದದ ಅರ್ಥದ್ದು. ‘ಸಾಹಿತ್ಯ ಕೃತಿ’ ಎಂದರೆ ಕುಣಿತವೂ ಸೇರುತ್ತದೆಯೇ? 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ ಕೃತಿ ಬೇರೆ, ನಾಟಕ ಕೃತಿ ಬೇರೆ. ನೃತ್ಯ ಸಂಯೋಜನೆ, ರಂಗಸಜ್ಜಿಕೆ ಸೇರುವುದು ಎರಡನೆಯದರಲ್ಲಿ. ಯಕ್ಷರಂಗ ನಾಟಕ ಕೃತಿಯೆಂದು ತೀರ್ಮಾನವಾಯಿತು. ಹಾಗಾದರೆ ಉಯಿಲಿನ ‘ಸಾಹಿತ್ಯ’ದ ಮಾತು ಅದನ್ನು ಮುಟ್ಟುವುದಿಲ್ಲ. ಆದರೆ ಉಯಿಲಿನಲ್ಲಿ, ಹೆಸರಿಸದೆ ಉಳಿದ ಆಸ್ತಿಯೂ ಅವರಿಗೇ ಸೇರತಕ್ಕದ್ದು ಎಂಬ ಇನ್ನೊಂದು ಕಲಮಿತ್ತು. ಏಳು ಪ್ರಸಂಗಗಳು ಮಾಲಿನಿ ಮಲ್ಯ ಅವರಿಗೆ ಸಂದದ್ದು ಆ ‘ಉಳಿದದ್ದು’ ಎಂಬ ಬಾಗಿಲಿನಿಂದ.

ಅಭಿಮನ್ಯುವಿನ ಮೇಲೆ ಹೀಗೆ ಯಾರಿಗೂ ಒಡೆತನ ಸಿಗಲಿಲ್ಲ. ಕಾರಂತರು ರೂಪಿಸಿದ ವೇಷಭೂಷಣ, ಕುಣಿತ, ನಿರ್ದೇಶನದ ಬಗೆಯಲ್ಲೇ ಆ ಪ್ರಸಂಗಗಳನ್ನು ಆಡುವುದಾದರೆ ಕಾಯ್ದೆಯ ಪ್ರಕಾರ ಆಡಬೇಕು, ಅಷ್ಟೆ. 2009ರ ಜನವರಿ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯ 52ನೇ ಕಲಮಿನ ವಿನಾಯಿತಿಗಳನ್ನೂ ತೆರೆದಿಟ್ಟಿತು.

ಕಂಪ್ಯೂಟರ್ ಆಟಕ್ಕೆ ಈ ಅಳತೆಗೋಲು ಹಿಡಿದರೆ ಇನ್ನೊಂದು ತಮಾಷೆ ಕಾಣುತ್ತದೆ. ನಮ್ಮ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ‘ಸಾಹಿತ್ಯ ಕೃತಿ’. ಅದರೊಳಗಿನ ಚಿತ್ರ ಕಲಾಕೃತಿ, ಸಂಗೀತ ಮತ್ತೊಂದು. ಒಂದೇ ಆಟ ಹಲವು ಕೃತಿಗಳ ಗಂಟು. ಒಂದು ಎಳೆಯ ಒಡೆಯರು ಸಿಗದಿದ್ದರೂ ಗಂಟು ಬಿಚ್ಚುವುದಿಲ್ಲ.

ಈ ಬಗೆಯ ಗಂಟುಗಳಿಗೆ ಸಂಸತ್ತು 2012ರ ತಿದ್ದುಪಡಿಯಲ್ಲಿ ಎರಡು ದಾರಿ ತೋರಿಸಿತು. ಹಕ್ಕು ಬರೆದುಕೊಡುವಾಗ ಬಳಕೆಯಲ್ಲೇ ಇಲ್ಲದಿದ್ದ ಮಾಧ್ಯಮಕ್ಕೆ ಆ ಹಕ್ಕು ಅನ್ವಯಿಸದು, ಒಪ್ಪಂದದಲ್ಲಿ ಅದನ್ನು ಹೆಸರಿಸಿದ್ದರೆ ಮಾತ್ರ ಅನ್ವಯಿಸುತ್ತದೆ ಎಂದು 18ನೇ ಕಲಮಿಗೆ ಸೇರಿಸಿದ ಮಾತು ಒಂದು. ಇದು ಬರೆದವರ ಕೈ ಬಲಪಡಿಸಿತು. ಇನ್ನೊಂದು 31ಎ ಕಲಮು: ಕರ್ತೃ ತೀರಿಕೊಂಡಿದ್ದರೆ, ಯಾರೆಂದು ಗೊತ್ತಿಲ್ಲದಿದ್ದರೆ, ಒಡೆಯರ ಪತ್ತೆಯಿಲ್ಲದಿದ್ದರೆ ಕೃತಿಯನ್ನು ಪ್ರಕಟಿಸಲು, ಯಾವುದೇ ಭಾಷೆಗೆ ಅನುವಾದಿಸಲು ಪರವಾನಗಿ ಕೇಳಬಹುದು. ಮೊದಲು ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಅನುವಾದವಾದರೆ ಆ ಭಾಷೆಯ ಪತ್ರಿಕೆಯಲ್ಲೂ ಕೊಡಬೇಕು. ಆದರೆ ಒಡೆಯರು ಇದ್ದೂ ಸುಮ್ಮನಿರುವಾಗ, ಅಥವಾ ಮೂವರು ಒಡೆಯರು ಪರಸ್ಪರ ಒಪ್ಪದಿರುವಾಗ 31ಎ ಕೈಹಿಡಿಯುವುದಿಲ್ಲ. ಹಳೆಯ ಆಟಗಳ ಸಂಕಟ ಹೆಚ್ಚಾಗಿ ಇರುವುದು ಅಲ್ಲೇ.

ಹಾಗಾಗಿ ಅವು ಉಳಿಯುವ ಕೆಲಸ ಬಹುಕಾಲ ನೆಹರೂ ಪ್ಲೇಸ್‌ನಂಥ ಕಟ್ಟೆಗಳ ಮೇಲೆ ನಡೆಯಿತು. ಆ ನಕಲಿನಿಂದ ಆಟ ಬರೆದವರಿಗೆ ಬಿಡಿಗಾಸೂ ಸಂದಿಲ್ಲ; ಅದನ್ನು ಸೇವೆಯೆಂದು ಕೊಂಡಾಡಬೇಕಿಲ್ಲ. ಪೋಲೆಂಡಿನಲ್ಲೂ ಇಂಥದೇ ಸಂತೆಯಿತ್ತು. ಅಲ್ಲಿನ ಸೀಡಿ ಪ್ರಾಜೆಕ್ಟ್ ಕಂಪನಿ 1999ರಲ್ಲಿ ‘ಬಾಲ್ಡರ್ಸ್ ಗೇಟ್’ ಅನ್ನು ಪೋಲಿಷ್ ಭಾಷೆಗೆ ತಂದು, ನಟರಿಂದ ಮಾತಾಡಿಸಿ, ನಕಲಿಗಿಂತ ಮೇಲಾದ ಅಸಲಿಯನ್ನು ಮಾರಿತು. 2008ರಲ್ಲಿ ಹಳೆಯ ಆಟಗಳನ್ನು ನ್ಯಾಯವಾಗಿ ಮಾರುವ ಗಾಗ್ ಮಳಿಗೆ ತೆರೆದದ್ದೂ ಅದೇ ಕಂಪನಿ. ‘ಸಿಸ್ಟಮ್ ಶಾಕ್ 2’ ಮರಳಿ ಬಂದದ್ದು ಅಲ್ಲಿಗೆ.

ಕಾನೂನಿನ ಕಾಲಮಾನ ಮಾತ್ರ ದೊಡ್ಡದು. ಅಮೆರಿಕದಲ್ಲಿ ಕಂಪನಿಯ ಹೆಸರಿನ ಕೃತಿಗೆ ಪ್ರಕಟಣೆಯಿಂದ 95 ವರ್ಷ; 1998ರ ಆಟ ಎಲ್ಲರದಾಗುವುದು 2094ರಲ್ಲಿ. ನಮ್ಮಲ್ಲಿ ಕರ್ತೃ ತೀರಿದ ಮೇಲೆ 60 ವರ್ಷ. ಕಾರಂತರ ಪ್ರಸಂಗಗಳು 2058ರ ಜನವರಿ 1ಕ್ಕೆ ಎಲ್ಲರವಾಗುತ್ತವೆ. ಆಟದ ಕೋಡ್ ಡಿಸ್ಕಿನಲ್ಲಿರುತ್ತದೆ, ಯಕ್ಷರಂಗದ ಕೋಡ್ ಕುಣಿದವರ ಕಾಲಿನಲ್ಲಿ. 2001ರ ಆ ಸಂಜೆ ದೆಹಲಿಯಲ್ಲಿ ಇಪ್ಪತ್ತೈದರ ಕಲಾವಿದರಿದ್ದರೆ, ಅಪ್ಪಣೆಯೇ ಬೇಡವಾಗುವ ಆ ದಿನ ಅವರಿಗೆ ಎಂಬತ್ತು ದಾಟಿರುತ್ತದೆ. ಅಷ್ಟರೊಳಗೆ ಒಡೆಯರೂ ಆಡುವವರೂ ಒಂದು ಕಾಗದಕ್ಕೆ ಸಹಿ ಹಾಕಿಕೊಂಡು ಆಟ ನಡೆಸುತ್ತಲೇ ಇದ್ದರೆ, 2058ರಲ್ಲಿ ಎಲ್ಲರದಾಗಲು ಏನಾದರೂ ಉಳಿದಿರುತ್ತದೆ.