ಅಗೋರಫೋಬಿಯ: ಹೆಸರಿನ ಚೌಕ, ರೋಗಿಯ ಭಯ

ಚೌಕ, ಬೀದಿಗಳಂಥ ಜಾಗಗಳಲ್ಲಿ ಕಾಡುವ ತೀವ್ರ ಭಯವಾದ ಅಗೋರಫೋಬಿಯ ಮಹಾನಗರದ ವಿಶಾಲ ಚೌಕಗಳು ಹುಟ್ಟಿಸಿದ ವ್ಯಾಧಿ ಎಂಬ ವಾದ ಹಳೆಯದು. ವಿಯೆನ್ನಾದ ವಾಸ್ತುಶಿಲ್ಪಿ ಕಮಿಲೋ ಸಿಟೆ 1889ರ ತಮ್ಮ ನಗರ ನಿರ್ಮಾಣದ ಗ್ರಂಥದಲ್ಲಿ ಇದನ್ನು ಹೊಸ ಕಾಲದ ನರವ್ಯಾಧಿ ಎಂದು ಗುರುತಿಸಿ, ಹೊಸ ಚೌಕಗಳ ಬರಿದಾದ ವಿಸ್ತಾರವನ್ನು ಹೊಣೆ ಮಾಡಿದರು. ವಾಸ್ತುಶಿಲ್ಪದ ಇತಿಹಾಸಕಾರ ಆಂಥನಿ ವಿಡ್ಲರ್ ಅವರ ‘ವಾರ್ಪ್ಡ್ ಸ್ಪೇಸ್’ (2000) ಕೂಡ ಈ ಭಯವನ್ನು ಆಧುನಿಕ ನಗರದ ಚರಿತ್ರೆಯೊಳಗೇ ಓದುತ್ತದೆ. ಈ ಓದು ರೋಗಿಗಳ ಮಾತಿಗಿಂತ ರೋಗದ ಹೆಸರನ್ನು ಹೆಚ್ಚು ನಂಬಿದೆ ಎಂಬುದು ನನ್ನ ಆಕ್ಷೇಪ.

ಹೆಸರಿನ ಹುಟ್ಟಿನ ಬಗ್ಗೆ ವಿವಾದವಿಲ್ಲ. 1870ರಲ್ಲಿ ನರವೈದ್ಯ ಮೊರಿಟ್ಸ್ ಬೆನೆಡಿಕ್ಟ್ ಇದನ್ನು ‘ಪ್ಲಾಟ್ಸ್‌ಶ್ವಿಂಡೆಲ್’, ಅಂದರೆ ಚೌಕದಲ್ಲಿ ಬರುವ ತಲೆಸುತ್ತು, ಎಂದು ಕರೆದು ಕಣ್ಣಿನ ಸ್ನಾಯುಗಳಲ್ಲಿ ಕಾರಣ ಹುಡುಕಿದರು. ಮರುವರ್ಷ ಬರ್ಲಿನ್ನಿನ ಮನೋವೈದ್ಯ ಕಾರ್ಲ್ ವೆಸ್ಟ್‌ಫಾಲ್ ಮೂವರು ಪುರುಷರ ವೃತ್ತಾಂತ ಪ್ರಕಟಿಸಿ, ‘ಅಗೋರಫೋಬಿಯ’ ಎಂಬ ಪದವನ್ನು ಬಳಕೆಗೆ ತಂದರು. ಗ್ರೀಕರ ಅಗೋರ ಜನ ಸೇರುವ, ಸಂತೆ ನೆರೆಯುವ ಜಾಗ, ಬರಿಯ ಬಯಲಲ್ಲ. ‘ಬಯಲಿನ ಭಯ’ ಎಂದು ಅರ್ಥ ಹೇಳುವಾಗ ಈ ವ್ಯತ್ಯಾಸ ಮರೆಯಾಗುತ್ತದೆ.

ವಿವಾದದ ತಿರುಳಿರುವುದು ಆ ಮೂವರ ಹೇಳಿಕೆಗಳಲ್ಲಿ. ತಮಗಾಗುವುದು ತಲೆಸುತ್ತಲ್ಲ, ಭಯ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಬೆನೆಡಿಕ್ಟರ ವಿವರಣೆಯನ್ನು ವೆಸ್ಟ್‌ಫಾಲ್ ಬಿಟ್ಟದ್ದು ಇದರ ಬಲದ ಮೇಲೆ. ಆದರೆ ಅದೇ ವೃತ್ತಾಂತಗಳು ಸಿಟೆಯವರ ವಾದಕ್ಕೂ ಒಗ್ಗುವುದಿಲ್ಲ. ಚೌಕ ದಾಟಲಾರದವರಿಗೆ ಅಂಗಡಿ ಮುಚ್ಚಿದ ಬೀದಿಯಲ್ಲೂ ಅದೇ ಸಂಕಟ. ಜನ ಕಿಕ್ಕಿರಿದ ಸಭಾಂಗಣ, ನಾಟಕಶಾಲೆಗಳಲ್ಲೂ ಅದು ಕಾಡುತ್ತಿತ್ತು. ಜೊತೆಗೊಬ್ಬರಿದ್ದರೆ ಅದೇ ಚೌಕವನ್ನು ದಾಟಬಹುದಾಗಿತ್ತು. ವಿಸ್ತಾರವೇ ಕಾರಣವಾಗಿದ್ದರೆ ಸಂಗಾತಿ ಬಂದೊಡನೆ ಭಯ ಏಕೆ ತಗ್ಗಬೇಕು? ಚೌಕದ ಅಳತೆ ಗೇಣಿನಷ್ಟೂ ಬದಲಾಗಿರಲಿಲ್ಲ.

ಆದ್ದರಿಂದ ನಾನು ಹೇಳಬಯಸುವುದು ಇಷ್ಟು: 1871ರ ವೃತ್ತಾಂತಗಳಲ್ಲೇ ಈ ಭಯದ ಕೇಂದ್ರ ಜಾಗವಲ್ಲ, ಆಸರೆಯಿಂದ ದೂರವಾಗುವುದು. ಈ ಮಾತನ್ನು ಎಚ್ಚರದಿಂದಲೇ ಆಡಬೇಕು. ಮೂವರ ಕಥನದಿಂದ ಒಂದು ವ್ಯಾಧಿಯ ಸ್ವರೂಪವನ್ನೇ ತೀರ್ಮಾನಿಸಲಾಗದು. ನೆರವು ಸಿಗದೆಂಬ, ಪಾರಾಗುವುದು ಕಷ್ಟವೆಂಬ ಭಯವನ್ನು ಮುಖ್ಯವಾಗಿಸಿದ್ದು 1980ರ ಅಮೆರಿಕದ ಮನೋವೈದ್ಯಕೀಯ ಕೈಪಿಡಿ, ಡಿಎಸ್‌ಎಂ-3. ಆ ವ್ಯಾಖ್ಯೆಯ ಕನ್ನಡಕದಲ್ಲಿ ಹಳೆಯ ದಾಖಲೆ ಓದುವ ಅಪಾಯ ನನ್ನ ವಾದಕ್ಕೂ ಇದೆ. ಆದರೂ ಸಂಗಾತಿಯಿಂದ ಸಿಗುವ ನೆಮ್ಮದಿ ಆ ದಾಖಲೆಯಲ್ಲೇ ಇದೆ. ಅದನ್ನು ನಾವು ಹೊರಗಿನಿಂದ ತಂದು ಸೇರಿಸಬೇಕಿಲ್ಲ. ನಗರ ನಿರ್ದೋಷಿ ಎಂದೂ ನಾನು ಹೇಳುತ್ತಿಲ್ಲ: ಒಬ್ಬಂಟಿಯಾಗಿ ದಾಟಲೇಬೇಕಾದ ಜಾಗಗಳನ್ನು ಅದು ಹೆಚ್ಚಿಸಿರಬಹುದು, ಹೀಗೆ ಅಡಗಿದ್ದ ಭಯ ವೈದ್ಯರ ಕಣ್ಣಿಗೆ ಬಿದ್ದಿರಬಹುದು.

1878ರಲ್ಲಿ ಫ್ರಾನ್ಸಿನ ಮನೋವೈದ್ಯ ಲೆಗ್ರಾಂ ದ್ಯು ಸೋಲ್ ಇದನ್ನು ‘ಸ್ಥಳಾವಕಾಶಗಳ ಭಯ’ ಎಂದು ವಿಸ್ತರಿಸಲು ನೋಡಿದರು. ಆ ಹೆಸರೂ ಜಾಗವನ್ನೇ ಹಿಡಿದಿತ್ತು; ಉಳಿದದ್ದು ಮಾತ್ರ ವೆಸ್ಟ್‌ಫಾಲರ ಪದ.

ಒಂದು ಪ್ರಶ್ನೆಗೆ ಈ ವಾದದಿಂದ ಉತ್ತರ ದೊರೆಯುವುದಿಲ್ಲ. ವೆಸ್ಟ್‌ಫಾಲರ ಮೂವರೂ ಗಂಡಸರು. ಇಂದು ಈ ರೋಗನಿರ್ಣಯ ಹೆಂಗಸರಲ್ಲೇ ಹೆಚ್ಚು. ಬದಲಾದದ್ದು ಭಯವೋ, ವೈದ್ಯರ ಬಳಿ ಬಂದವರೋ ಎಂಬುದನ್ನು ತಿಳಿಯಲು ಆ ಕಾಲದ ಆಸ್ಪತ್ರೆಗಳ ದಾಖಲೆಗಳನ್ನು ಬೇರೆಯಾಗಿ ಪರಿಶೀಲಿಸಬೇಕು.