ಗಣಕಯಂತ್ರ: ಭಾರತದ ಮೊದಲಿಗರು

ಭಾರತಕ್ಕೆ ಗಣಕಯಂತ್ರವನ್ನು ಮೊದಲು ತರಿಸಿದ, ಇಲ್ಲಿಯೇ ಕಟ್ಟಿದ, ಅದರ ಬಳಕೆಯನ್ನು ಕಲಿಸಿದ ವಿಜ್ಞಾನಿಗಳು, ಎಂಜಿನಿಯರುಗಳು ಮತ್ತು ಅಧ್ಯಾಪಕರು. ಇವರ ಕೆಲಸದ ಕಾಲ ಸುಮಾರು 1953ರಿಂದ 1990ರ ದಶಕದ ಆರಂಭದವರೆಗೆ. ಮುಖ್ಯ ನೆಲೆಗಳು ಕೊಲ್ಕತ್ತ, ಮುಂಬೈ, ಕಾನ್ಪುರ ಮತ್ತು ಬೆಂಗಳೂರು. ಅವರ ಮೊದಲ ಯಂತ್ರಗಳು ಬಹುಬೇಗ ಮೂಲೆ ಸೇರಿದವು. ಆ ಯಂತ್ರಗಳ ಮುಂದೆ ಕುಳಿತು ಪಳಗಿದವರು ಮಾತ್ರ ಮುಂದಿನ ಹಲವು ದಶಕ ಈ ಕ್ಷೇತ್ರವನ್ನು ಮುನ್ನಡೆಸಿದರು.

ಆರಂಭ ಕೊಲ್ಕತ್ತದಲ್ಲಿ. ಪ್ರಶಾಂತಚಂದ್ರ ಮಹಾಲನೊಬಿಸ್ 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಲೆಕ್ಕವೇ ಕಸುಬು. ರಾಷ್ಟ್ರೀಯ ಮಾದರಿ ಸಮೀಕ್ಷೆ, ಪಂಚವಾರ್ಷಿಕ ಯೋಜನೆ ಎರಡೂ ಬೆಟ್ಟದಷ್ಟು ಅಂಕಿಗಳನ್ನು ತಂದು ಸುರಿಯುತ್ತಿದ್ದವು. ಸಮರೇಂದ್ರ ಕುಮಾರ್ ಮಿತ್ರ 1953ರಲ್ಲಿ ಅಲ್ಲಿ ಹತ್ತು ಚರಾಕ್ಷರಗಳ ಸರಳ ಸಮೀಕರಣಗಳನ್ನು ಬಿಡಿಸುವ ಒಂದು ಅನಲಾಗ್ ಯಂತ್ರವನ್ನು ಕಟ್ಟಿಸಿದರು. ದೇಶದ ಮೊದಲ ಡಿಜಿಟಲ್ ಗಣಕ, ಇಂಗ್ಲೆಂಡಿನ ಎಚ್‌ಇಸಿ-2ಎಂ, ಇದೇ ಸಂಸ್ಥೆಗೆ 1955–56ರಲ್ಲಿ ಬಂತು. ಅದರ ಸ್ಮೃತಿ ತಿರುಗುವ ಕಾಂತೀಯ ಉರುಳೆಯ ಮೇಲಿತ್ತು. ಹಿಡಿಸುತ್ತಿದ್ದದ್ದು 1024 ಪದಗಳು. ಕೆಲವು ವರ್ಷಗಳಲ್ಲಿ ಸೋವಿಯತ್ ಒಕ್ಕೂಟದ ಉರಾಲ್ ಯಂತ್ರವೂ ಬಂದು ಸೇರಿತು. ಶೀತಲ ಸಮರದ ಎರಡೂ ಬಣಗಳಿಂದ ಯಂತ್ರ ಪಡೆಯುವ ಚಾಕಚಕ್ಯತೆ ಮಹಾಲನೊಬಿಸರಿಗಿತ್ತು.

ಕೊಂಡು ತರುವುದಕ್ಕಿಂತ ಕಟ್ಟಿಯೇ ನೋಡಬೇಕೆಂಬ ಹಟ ಮುಂಬೈಯದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಹೋಮಿ ಭಾಭಾ ಈ ಕೆಲಸವನ್ನು ಒಪ್ಪಿಸಿದ್ದು 1954ರಲ್ಲಿ ಅಮೆರಿಕದಿಂದ ಮರಳಿದ ಆರ್. ನರಸಿಂಹನ್ ಅವರಿಗೆ. ಚೆನ್ನೈಯಲ್ಲಿ ಹುಟ್ಟಿದ ನರಸಿಂಹನ್ ಕ್ಯಾಲ್ಟೆಕ್‌ನಲ್ಲಿ ವಿದ್ಯುನ್ಮಾನ ಓದಿ, ಇಂಡಿಯಾನಾದಲ್ಲಿ ಗಣಿತದಲ್ಲಿ ಪಿಎಚ್.ಡಿ. ಪಡೆದವರು. ಅವರ ಚಿಕ್ಕ ತಂಡದ ಎಳೆಯರು ಅದುವರೆಗೆ ಗಣಕಯಂತ್ರವನ್ನು ಬಳಸಿದವರೂ ಅಲ್ಲ, ವಿನ್ಯಾಸ ಮಾಡಿದವರೂ ಅಲ್ಲ. ಜಾನ್ ವಾನ್ ನಾಯ್‌ಮನ್ ಪ್ರಿನ್ಸ್‌ಟನ್‌ನಲ್ಲಿ ಕಟ್ಟಿಸಿದ ಯಂತ್ರದ ಕುರಿತ ವರದಿಗಳು ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ತಲುಪಿದ್ದ ಕಾಲವದು; ಮುಂಬೈಯ ವಿನ್ಯಾಸವೂ ಅದೇ ವಂಶದ್ದು.

1956ರಲ್ಲಿ ಒಂದು ಪ್ರಾಯೋಗಿಕ ಯಂತ್ರ ಕೆಲಸ ಮಾಡಿ ತೋರಿಸಿತು. ಪೂರ್ಣ ಯಂತ್ರ 1960ರ ಫೆಬ್ರವರಿಯಲ್ಲಿ ಬಳಕೆಗೆ ಬಂತು. ಅದರೊಳಗೆ ಸುಮಾರು 2,700 ವಾಲ್ವ್‌ಗಳು, 1,700 ಜರ್ಮೇನಿಯಮ್ ಡಯೋಡ್‌ಗಳು, 12,500 ರೆಸಿಸ್ಟರ್‌ಗಳು. ಹಳೆಯ ರೇಡಿಯೊಗಳಲ್ಲಿ ಕೆಂಪಗೆ ಉರಿಯುತ್ತಿದ್ದ ವಾಲ್ವ್‌ನಂಥವೇ ಇವೂ. ಇಷ್ಟು ವಾಲ್ವ್ ಒಂದೇ ಕಡೆ ಉರಿದರೆ ಮುಂಬೈಯ ಸೆಕೆಯಲ್ಲಿ ಹವಾನಿಯಂತ್ರಣವಿಲ್ಲದೆ ಗತಿಯಿರಲಿಲ್ಲ. ಸ್ಮೃತಿಗೆ ಮಾತ್ರ ಆಗಿನ ಹೊಸ ತಂತ್ರವನ್ನೇ ಆರಿಸಿಕೊಂಡಿದ್ದರು. ಫೆರೈಟ್‌ನ ಸಣ್ಣ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿದರೆ ಒಂದೊಂದು ಉಂಗುರವೂ ತನ್ನ ಕಾಂತೀಯ ದಿಕ್ಕಿನಿಂದ ಸೊನ್ನೆ ಅಥವಾ ಒಂದನ್ನು ನೆನಪಿಟ್ಟುಕೊಳ್ಳುತ್ತಿತ್ತು. 40 ಬಿಟ್‌ಗಳ 2,048 ಪದಗಳೆಂದರೆ ಎಂಬತ್ತು ಸಾವಿರಕ್ಕೂ ಮಿಕ್ಕಿ ಉಂಗುರಗಳು. ಲೆಕ್ಕವನ್ನು ತೂತು ಹೊಡೆದ ಕಾಗದದ ಪಟ್ಟಿಯಲ್ಲಿ ಉಣಿಸಬೇಕು. ಉತ್ತರವನ್ನು ಟೆಲಿಪ್ರಿಂಟರ್ ಹೊಡೆದುಕೊಡುತ್ತಿತ್ತು. 1962ರಲ್ಲಿ ಜವಾಹರಲಾಲ್ ನೆಹರೂ ಇದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಹಲವು ಸಂಸ್ಥೆಗಳ ಸಂಶೋಧಕರು ಸರದಿ ಕಾದು, ಪಾಳಿಯಲ್ಲಿ ಇದನ್ನು ಬಳಸಿದರು.

ಹೆಸರಿಡುವ ಹೊತ್ತಿಗಾಗಲೇ ಟಿಫ್ರಾಕ್ ಹಳತಾಗಿತ್ತು. ಹೊರದೇಶಗಳಲ್ಲಿ ಟ್ರಾನ್ಸಿಸ್ಟರ್ ಯಂತ್ರಗಳು ಮಾರುಕಟ್ಟೆಗೆ ಬಂದಿದ್ದವು. 1964ರಲ್ಲಿ ಸಂಸ್ಥೆ ಅಮೆರಿಕದ ಸಿಡಿಸಿ-3600 ತರಿಸಿಕೊಂಡ ಮೇಲೆ ಟಿಫ್ರಾಕ್ ಬದಿಗೆ ಸರಿಯಿತು. ಇದನ್ನು ಸೋಲೆಂದು ಬರೆಯುವವರಿದ್ದಾರೆ. ಆ ತೀರ್ಪು ಅವಸರದ್ದು: ವರದಿ ಓದಿ ಯಂತ್ರ ಕಟ್ಟಬಲ್ಲ ಎಂಜಿನಿಯರುಗಳನ್ನು ತಯಾರು ಮಾಡಲು ಆಗ ಬೇರೆ ಶಾಲೆಯೇ ಇರಲಿಲ್ಲ. ನರಸಿಂಹನ್ ಅಲ್ಲಿಗೇ ನಿಲ್ಲಲಿಲ್ಲ. ಚಿತ್ರಗಳನ್ನು ವ್ಯಾಕರಣದ ನಿಯಮಗಳಿಂದ ಗುರುತಿಸುವ ಬಗೆಯನ್ನು ಶೋಧಿಸಿದರು, ಕಂಪ್ಯೂಟರ್ ಸೊಸೈಟಿ ಆಫ್ ಇಂಡಿಯಾದ ಮೊದಲ ಅಧ್ಯಕ್ಷರಾದರು, ಮಕ್ಕಳು ಮಾತು ಕಲಿಯುವ ಬಗೆಯ ಅಧ್ಯಯನಕ್ಕೂ ಇಳಿದರು. ಅದೇ ಸಂಸ್ಥೆಯಲ್ಲಿ ಬೆಳೆದ ಎಸ್. ರಮಣಿ 1980ರ ದಶಕದಲ್ಲಿ ಅರ್ನೆಟ್ ಎಂಬ ಜಾಲದ ಮೂಲಕ ದೇಶದ ವಿದ್ಯಾಸಂಸ್ಥೆಗಳಿಗೆ ಅಂತರ್ಜಾಲದ ದಾರಿ ತೆರೆದರು.

ಯಂತ್ರ ಕಟ್ಟುವ ಹಟ ಮುಂಬೈಗಷ್ಟೇ ಸೀಮಿತವಾಗಿರಲಿಲ್ಲ. ಕೊಲ್ಕತ್ತದಲ್ಲಿ ಜಾದವಪುರ ವಿಶ್ವವಿದ್ಯಾಲಯವೂ ಸಂಖ್ಯಾಶಾಸ್ತ್ರ ಸಂಸ್ಥೆಯೂ ಕೂಡಿ 1966ರಲ್ಲಿ ಟ್ರಾನ್ಸಿಸ್ಟರಿನ ಇಸಿಜು-1 ಯಂತ್ರವನ್ನು ಕಟ್ಟಿದವು. 1969ರಲ್ಲಿ ಹೈದರಾಬಾದಿನ ಸರ್ಕಾರಿ ಕಂಪನಿ ಇಸಿಐಎಲ್‌ನ ಹೆಸರಿನಲ್ಲಿ ಟಿಡಿಸಿ-12 ಗಣಕ ಹೊರಬಂತು.

ಕಾನ್ಪುರದ ಕಥೆ ಬೇರೆ. ಅಲ್ಲಿ ಯಾರೂ ಯಂತ್ರ ಕಟ್ಟಲಿಲ್ಲ. 1963ರಲ್ಲಿ ಅಲ್ಲಿನ ಐಐಟಿಗೆ ಐಬಿಎಂ-1620 ವಿಮಾನದಲ್ಲಿ ಬಂದಿಳಿಯಿತು. ಜೊತೆಗೆ ಹ್ಯಾರಿ ಹಸ್ಕಿ ಮೊದಲಾದ ಅಮೆರಿಕದ ಪರಿಣತರು ಬಂದರು. ಹಸ್ಕಿ ಅಮೆರಿಕದ ಆರಂಭಿಕ ಗಣಕ ಎನಿಯಾಕ್‌ನಲ್ಲಿ ದುಡಿದಿದ್ದವರು, ಇಂಗ್ಲೆಂಡಿನಲ್ಲಿ ಅಲನ್ ಟ್ಯೂರಿಂಗ್ ಜೊತೆಗೂ ಕೆಲಸ ಮಾಡಿದ್ದವರು. ವಿದ್ಯಾರ್ಥಿಗಳು ಯಂತ್ರವನ್ನು ತಾವೇ ಮುಟ್ಟಿ ನಡೆಸಬಹುದಿತ್ತು. ಆಪರೇಟರನ ಕೈಗೆ ಕಾರ್ಡಿನ ಕಟ್ಟು ಕೊಟ್ಟು ಮರುದಿನ ಬರುವ ಪದ್ಧತಿಯಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಹೊರಗಿನ ವಿಜ್ಞಾನಿಗಳಿಗೆ, ಎಂಜಿನಿಯರುಗಳಿಗೆ ಹತ್ತು ದಿನಗಳ ಫೋರ್ಟ್ರಾನ್ ಶಿಬಿರಗಳು ನಡೆದವು. 1965ರಲ್ಲಿ ಎಂ.ಟೆಕ್. ಮಟ್ಟದಲ್ಲಿ ಗಣಕವಿಜ್ಞಾನ ಪಾಠವಾಯಿತು. ಶಿಡ್ಲಘಟ್ಟದಲ್ಲಿ ಹುಟ್ಟಿ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಎನ್.ಆರ್. ನಾರಾಯಣಮೂರ್ತಿ 1969ರಲ್ಲಿ ಇಲ್ಲಿಂದಲೇ ಎಂ.ಟೆಕ್. ಪಡೆದರು.

ಈ ಪಾಠಗಳ ಬೆನ್ನೆಲುಬು ವಿ. ರಾಜಾರಾಮನ್. ಅವರಿಗೆ ಗಣಕದ ಹುಚ್ಚು ಹಿಡಿದದ್ದು ಬೆಂಗಳೂರಿನಲ್ಲಿ. 1950ರ ದಶಕದ ನಡುವೆ ಭಾರತೀಯ ವಿಜ್ಞಾನ ಸಂಸ್ಥೆಗೆ ವಿಸ್ಕಾನ್ಸಿನ್‌ನಿಂದ ಸಂದರ್ಶಕರಾಗಿ ಬಂದಿದ್ದ ವಿನ್ಸೆಂಟ್ ರೈಡೌಟ್ ಪ್ರೆಡಾ ಎಂಬ ಅನಲಾಗ್ ಗಣಕವನ್ನು ಅಲ್ಲಿ ಕಟ್ಟಿಸಿದಾಗ ರಾಜಾರಾಮನ್ ಅಲ್ಲಿಯೇ ಇದ್ದರು. ಕಾನ್ಪುರದಲ್ಲಿ ಅವರು ಹಂಚುತ್ತಿದ್ದ ಟಿಪ್ಪಣಿಗಳು ಪುಸ್ತಕಗಳಾದವು. ವಿದೇಶಿ ಪಠ್ಯ ಕೊಳ್ಳಲಾಗದ ವಿದ್ಯಾರ್ಥಿಯ ಜೇಬಿಗೆ ಹೊಂದುವ ಬೆಲೆಯಲ್ಲಿ ಅವು ದೊರೆತದ್ದು ವಿಷಯದಷ್ಟೇ ಮುಖ್ಯವಾಯಿತು. 1982ರಲ್ಲಿ ಅವರು ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಕೇಂದ್ರವನ್ನು ಬೆಳೆಸಿದರು. ಇಂದು ಊರೂರ ಕಾಲೇಜುಗಳಲ್ಲಿರುವ ಎಂ.ಸಿ.ಎ. ಪದವಿಯೂ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಫಲ.

ಬೆಂಗಳೂರಿನದೇ ಇನ್ನೊಂದು ಹೆಜ್ಜೆಯನ್ನು ಚರಿತ್ರೆಗಳು ಸಾಮಾನ್ಯವಾಗಿ ಮರೆಯುತ್ತವೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, ಯು.ಎನ್. ಸಿನ್ಹಾ ಅವರ ತಂಡ 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ಸಿದ್ಧಪಡಿಸಿತು. ಪೇಟೆಯಲ್ಲಿ ಸಿಗುವ ಇಂಟೆಲ್ 8086 ಚಿಪ್‌ಗಳನ್ನೇ ಜೋಡಿಸಿ, ಒಂದು ಲೆಕ್ಕವನ್ನು ಹಂಚಿ ಮಾಡಿಸುವ ಉಪಾಯವದು. ಉದ್ದೇಶ, ವಿಮಾನದ ರೆಕ್ಕೆಯ ಸುತ್ತಲಿನ ಗಾಳಿಯ ಹರಿವನ್ನು ಲೆಕ್ಕ ಹಾಕುವುದು. ಅಮೆರಿಕ ತನ್ನ ಪ್ರಬಲ ಕ್ರೇ ಯಂತ್ರಗಳನ್ನು ಕೊಡಲು ಹಿಂಜರಿದಾಗ ಪುಣೆಯ ಸಿ-ಡ್ಯಾಕ್ ಸಂಸ್ಥೆ, ವಿಜಯ್ ಭಟ್ಕರ್ ನೇತೃತ್ವದಲ್ಲಿ, 1991ರಲ್ಲಿ ಪರಮ್-8000 ಸೂಪರ್‌ಕಂಪ್ಯೂಟರನ್ನು ಹೊರತಂದಿತು. ಅದರ ಕೀರ್ತಿಯಲ್ಲಿ ಫ್ಲೋಸಾಲ್ವರ್ ಮಸುಕಾಯಿತು.

ಕನ್ನಡ ಲಿಪಿಯೂ ಈ ದಾರಿಯಲ್ಲೇ ಪರದೆಗೆ ಬಂದದ್ದುಂಟು. ಕಾನ್ಪುರದ ಐಐಟಿಯಲ್ಲಿ ಆರ್.ಎಂ.ಕೆ. ಸಿನ್ಹಾ, ಮೋಹನ್ ತಾಂಬೆ ಮೊದಲಾದವರು ದೇವನಾಗರಿಗಾಗಿ ಆರಂಭಿಸಿದ ಕೆಲಸ ಸಿ-ಡ್ಯಾಕ್‌ನಲ್ಲಿ ಜಿಸ್ಟ್ ಕಾರ್ಡ್ ಆಗಿ ಬೆಳೆದು, ಡಾಸ್ ಕಾಲದ ಪಿ.ಸಿ.ಗಳಲ್ಲಿ ಕನ್ನಡವನ್ನೂ ಮೂಡಿಸಿತು. ಇದಕ್ಕೆ ಹೊರತಾದ ಇನ್ನೊಂದು ದಾರಿ ಮುದ್ರಣದ ಅಕ್ಷರಜೋಡಣೆಯಲ್ಲಿ ಪಳಗಿದ, ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಉಚ್ಚಾರಣೆಯನ್ನು ಅನುಸರಿಸುವ ಅವರ ಕೀಲಿಮಣೆ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಅಲ್ಪ ಬದಲಾವಣೆಯೊಂದಿಗೆ ಶಿಷ್ಟ ವಿನ್ಯಾಸವಾಗಿ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದಲ್ಲಿ ಬಳಕೆಯಲ್ಲಿರುವುದೂ ಅದೇ.