ಎಲ್ಲೆ ನಡೆದು ಬರೆದದ್ದು

ಕಳೆದ ವರ್ಷ ಪದವಿ ತರಗತಿಯ ಹುಡುಗಿಯೊಬ್ಬಳು ತನ್ನೂರಿನ ವೀರಗಲ್ಲಿನ ಮೇಲೆ ಪ್ರಬಂಧ ಬರೆದು ತಂದಳು. ಎಚ್.ಡಿ. ಕೋಟೆ ಕಡೆಯವಳು, ದಿನವೂ ಬಸ್ಸಿನಲ್ಲಿ ಹುಣಸೂರಿಗೆ ಬಂದು ಓದುತ್ತಿದ್ದಳು. ಮೊದಲ ಎರಡು ಪುಟಗಳಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಗಂಗರು, ಚೋಳರು, ಹೊಯ್ಸಳರು ಸಾಲಾಗಿ ಬಂದು ಹೋದರು. ನನಗೆ ಅನುಮಾನ ಬಂತು. “ಇದು ನೀನು ಬರೆದದ್ದೇನಮ್ಮ, ಇಲ್ಲಾ ಮೊಬೈಲಿಗೆ ಹೇಳಿ ಬರೆಸಿದ್ದಾ?” ಎಂದು ಎಲ್ಲರ ಎದುರೇ ಕೇಳಿಬಿಟ್ಟೆ. ಅವಳ ಕಣ್ಣು ತುಂಬಿತು. “ನಾನೇ ಬರ್ದಿದ್ದು ಸರ್. ಹೆಂಗೆ ತೋರಿಸ್ಲಿ?” ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ. ಯಂತ್ರ ಬರೆದದ್ದನ್ನು ಹಿಡಿಯುತ್ತೇವೆನ್ನುವ ತಂತ್ರಾಂಶಗಳು ವಾಕ್ಯದ ನಡಿಗೆ ನೋಡಿ ಊಹೆ ಹೇಳುತ್ತವೆ, ಅಷ್ಟೇ. ಓಪನ್ ಎಐ ಸಂಸ್ಥೆ ತಾನೇ ಹೊರತಂದಿದ್ದ ಅಂಥ ಸಾಧನವನ್ನು, ಅದರ ನಿಖರತೆ ಸಾಲದೆಂದು, 2023ರ ಜುಲೈನಲ್ಲಿ ನಿಲ್ಲಿಸಿತು. ಆದರೆ ಶಾಸನ ಪಾಠ ಮಾಡುವ ನಾನು ಉತ್ತರವಿಲ್ಲದೆ ನಿಂತದ್ದು ನಾಚಿಕೆಯ ಸಂಗತಿ. ಈ ಬರಹ ತಾನು ಹೇಳಿಕೊಳ್ಳುವ ಕೈಯಿಂದಲೇ ಬಂದದ್ದೇ ಎಂದು ಕೇಳುವುದೇ ಶಾಸನಶಾಸ್ತ್ರದ ಮೊದಲ ಕೆಲಸವಲ್ಲವೇ!

ನಮ್ಮ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1898ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆ ಮೂರೂ ಅದರಲ್ಲಿವೆ. ಅಂದಿನ ಎಡತೊರೆಯೇ ಇಂದಿನ ಕೆ.ಆರ್. ನಗರ, ಪಿರಿಯಾಪಟ್ಟಣ ಆಗ ಹುಣಸೂರಿಗೆ ಸೇರಿತ್ತು. ಆ ಎಡತೊರೆಯ ಚಿಕ್ಕಹನಸೋಗೆಯ ಜೈನ ಶಾಸನಗಳು, ಅಲ್ಲಿನ 64 ಬಸದಿಗಳನ್ನು ಮೊದಲು ಮಾಡಿಸಿದವನು ದಶರಥನ ಮಗ ರಾಮ ಎನ್ನುತ್ತವೆ. ಕಲ್ಲು ನಿಜ, ಅಕ್ಷರ ನಿಜ. ಹಾಗೆಂದು ಹೇಳಿದ್ದೆಲ್ಲ ನಿಜವೆಂದು ಯಾರೂ ತೆಗೆದುಕೊಳ್ಳಲಿಲ್ಲ.

ಮಲೆನಾಡಿನ ಗೌಜ ಅಗ್ರಹಾರದ ತಾಮ್ರಶಾಸನ ಇನ್ನೂ ಮುಂದೆ ಹೋಗುತ್ತದೆ. ಅದನ್ನು ಕೊಟ್ಟವನು ಸರ್ಪಯಾಗ ಮಾಡಿದ ಜನಮೇಜಯನಂತೆ, ಅಂದು ಸೂರ್ಯಗ್ರಹಣವಂತೆ. ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿ ಲೆಕ್ಕ ಹಾಕಿ, ಹೊಂದುವ ಗ್ರಹಣ 1521ರ ಏಪ್ರಿಲ್ 7ರದು ಎಂದರು. ಆ ತಾರೀಖನ್ನು ಒಪ್ಪದವರಿದ್ದಾರೆ. ಶಾಸನ ಜನಮೇಜಯನದಲ್ಲ ಎಂಬುದರಲ್ಲಿ ಮಾತ್ರ ವಿದ್ವಾಂಸರಿಗೆ ಅನುಮಾನವಿಲ್ಲ.

ದೊಡ್ಡ ಜಗಳವೆಂದರೆ ಗಂಗರ ತಾಮ್ರಪಟಗಳದು. ರೈಸ್ 1872ರಲ್ಲಿ ಪ್ರಕಟಿಸಿದ ಮಡಿಕೇರಿ ತಾಮ್ರಪಟದಲ್ಲಿ ಗಂಗರಾಜ ಅವಿನೀತನ ಹೆಸರಿದೆ, 388 ಎಂಬ ವರ್ಷವಿದೆ. ಶಕವರ್ಷ ಎಂದುಕೊಂಡರೆ ಅದು ಕ್ರಿ.ಶ. 466. ಜೆ.ಎಫ್. ಫ್ಲೀಟ್ ಇದನ್ನು ಕೂಟಶಾಸನ ಎಂದರು. ಅದರಲ್ಲಿ ಬರುವ ‘ಅಕಾಲವರ್ಷ’ ಎಂಬ ಬಿರುದು ಎಷ್ಟೋ ಶತಮಾನಗಳ ಈಚೆಯ ರಾಷ್ಟ್ರಕೂಟ ಅರಸರದು. ಹಳೆಯ ದಾಖಲೆಯನ್ನು ಮುಂದೆ ಯಾರೋ ಮರುಪ್ರತಿ ಮಾಡಿರಬಹುದು ಎಂಬ ವಾದವೂ ಇದೆ. ಏನೇ ಇರಲಿ, ಬರೆದವನು ತನ್ನ ಕಾಲವನ್ನು ಬಚ್ಚಿಡಲಾಗಲಿಲ್ಲ. ಸುಳ್ಳು ಬರೆದರೂ ಅವನು ಮನುಷ್ಯ. ಅವನ ಶತಮಾನ ಅವನ ಬೆರಳಿಗೆ ಅಂಟಿಕೊಂಡಿತ್ತು.

ಬರೆದವನ ಹೆಸರನ್ನೇ ನಂಬೋಣವೆಂದರೆ ಅದೂ ಕಷ್ಟ. ಮಡಿಕೇರಿ ಪಟ ಬರೆದವನು ವಿಶ್ವಕರ್ಮ. ಮುನ್ನೂರು ವರ್ಷಗಳ ಆಚೆ, ಸುಮಾರು 776ರ ಶ್ರೀಪುರುಷನ ದೇವರಹಳ್ಳಿ ತಾಮ್ರಪಟ ಬರೆದವನೂ ವಿಶ್ವಕರ್ಮಾಚಾರ್ಯ. ಅದು ಒಬ್ಬನ ಹೆಸರಲ್ಲ, ಕಸುಬಿನ ಹೆಸರು ಎಂದುಕೊಂಡರೆ ಗೋಜಲು ಬಿಡುತ್ತದೆ. ಆದರೆ ಕೊನೆಯಲ್ಲಿ ಹಾಕಿದ ಹೆಸರು ಪುರಾವೆಯಾಗಿ ಉಳಿಯುವುದಿಲ್ಲ. “ನಾನೇ ಬರ್ದಿದ್ದು ಸರ್” ಎಂಬ ಮಾತಿಗೂ ಇದೇ ಗತಿ.

ಹಾಗಾದರೆ ನಂಬುವುದು ಯಾವುದನ್ನು? ಗಂಗರ ತಾಮ್ರಪಟಗಳನ್ನು ಸಾಲಾಗಿ ಓದಿದರೆ ಒಂದು ಸಂಗತಿ ಕಾಣುತ್ತದೆ. ಮೊದಲು ಬರುವ ಸಂಸ್ಕೃತ ಪ್ರಶಸ್ತಿ ಒಂದರಿಂದ ಒಂದಕ್ಕೆ ಇಳಿಸಿಕೊಂಡದ್ದು. ಕಲಿತ ಯಾರು ಬೇಕಾದರೂ ಬರೆಯಬಹುದಾದದ್ದು. ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವಾಗ ಎಷ್ಟೋ ಕಡೆ ಭಾಷೆ ಕನ್ನಡಕ್ಕೆ ಹೊರಳುತ್ತದೆ. ಹುಣಸೆಮರ, ಹುತ್ತ, ಕೆರೆಯ ಕೋಡಿ, ನೆಟ್ಟ ಕಲ್ಲು ಬರುತ್ತವೆ. ನಾಳೆ ತಕರಾರು ಬಂದರೆ ಊರಿನವರು ಆ ಸಾಲುಗಳನ್ನು ಹಿಡಿದು ನಡೆಯಬೇಕಲ್ಲ! ಎಲ್ಲೆಯ ಭಾಗವನ್ನೂ ಸುಳ್ಳು ಬರೆಯಬಹುದು, ಇಂದು ಯಂತ್ರವೂ ಒಂದು ಹುತ್ತವನ್ನು ಕಲ್ಪಿಸಬಲ್ಲದು. ಆದರೆ ಪ್ರಶಸ್ತಿಯನ್ನು ಯಾರೂ ಹೋಗಿ ನೋಡಿ ಬರಲಾಗದು. ಎಲ್ಲೆಯನ್ನು ನೋಡಿ ಬರಬಹುದು.

ಅವಳ ಪ್ರಬಂಧವನ್ನು ಮತ್ತೆ ತೆಗೆದೆ. ನಾನು ಮೊದಲ ಎರಡು ಪುಟಗಳ ಪ್ರಶಸ್ತಿಯನ್ನು ನೋಡಿ ತೀರ್ಪು ಕೊಟ್ಟಿದ್ದೆ. ಮೂರನೆಯ ಪುಟದಲ್ಲಿ ಹೀಗಿತ್ತು: ಕಲ್ಲಿನ ಅಕ್ಷರ ಮಧ್ಯಾಹ್ನ ಕಾಣುವುದಿಲ್ಲ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಮೂರು ಸಾಲು ಮೂಡುತ್ತವೆ, ನಾಲ್ಕನೆಯದನ್ನು ಅಜ್ಜಿ ಹಬ್ಬಕ್ಕೊಮ್ಮೆ ಬಳಿಯುವ ಸುಣ್ಣ ನುಂಗಿದೆ.

ಮರುದಿನ ತರಗತಿಯಲ್ಲೇ ಅವಳ ಕ್ಷಮೆ ಕೇಳಿದೆ. “ಬನ್ನಿ ಸರ್, ಕಲ್ಲೇ ನೋಡೂರಂತೆ” ಎಂದಳು. ಆ ಶನಿವಾರ ಹೋದೆವು. ನಾಲ್ಕೂವರೆಗೆ ಬಿಸಿಲು ವಾಲಿತು. ಹಳ್ಳ ಬಿದ್ದ ಅಕ್ಷರಗಳಲ್ಲಿ ನೆರಳು ತುಂಬಿ ಸಾಲುಗಳು ಮೂಡಿದವು. ಎರಡನೆಯ ಸಾಲಿನಲ್ಲಿ ಅವಳು ‘ಳ’ ಎಂದು ಓದಿದ್ದು ‘ೞ’ ಆಗಿತ್ತು. ತೋರಿಸಿದೆ. ಬಗ್ಗಿ ನೋಡಿ, ಬೆರಳಿಟ್ಟು ತಡವಿ, “ಹೌದಲ್ವಾ ಸರ್” ಎಂದು ಚೀಲದಿಂದ ಪೆನ್ಸಿಲ್ ತೆಗೆದು ಅಲ್ಲೇ ತಿದ್ದಿಕೊಂಡಳು.